ನಂದಿಯ ಏರು, ಉರಿಗಾಮಿನ ಸೈಕಲ್ಲು

ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿ ಪ್ರದೇಶದ, ಉರಿಗಾಮಿನಿಂದ ನಂದಿಬೆಟ್ಟಕ್ಕೆ ಹೋಗಬೇಕೆಂದರೆ ಈಗ ಎಲ್ಲರೂ ಹೊಸಕೋಟೆ, ದೇವನಹಳ್ಳಿ ಸುತ್ತಿಕೊಂಡು ಕಾರಿನಲ್ಲಿ ಹೋಗುತ್ತಾರೆ. ನಮ್ಮ ಹಿರಿಯರದು ಬೇರೆ ದಾರಿ. ಅವರು ಉರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೌರಿಂಗ್‌ಪೇಟೆಯಲ್ಲಿ, ಅಂದರೆ ಇಂದಿನ ಬಂಗಾರಪೇಟೆಯಲ್ಲಿ ಇಳಿದು, ಅಲ್ಲಿಂದ ಪುಟ್ಟ ಗಾಡಿ ಹಿಡಿಯುತ್ತಿದ್ದರು. ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ ಅದು. 1913ರಲ್ಲಿ ಕೋಲಾರದವರೆಗೆ ಬಂತು. ಆಮೇಲೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಮುಟ್ಟಿ ಚಿಕ್ಕಬಳ್ಳಾಪುರ ಸೇರಿತು, ಮುಂದೆ ನಂದಿಯ ಬುಡ ಹಾಯ್ದು ಯಲಹಂಕಕ್ಕೂ ಹೋಯಿತು. ನಂದಿ ಸ್ಟೇಷನ್ನಿನ ಹಳೆಯ ಕಟ್ಟಡ ಇಂದಿಗೂ ನಿಂತಿದೆ.

ಬೆಂಗಳೂರಿನ ಸೈಕಲ್ ಬಳಗವೊಂದು ನಂದಿ ಹತ್ತುವ ಪಂದ್ಯವನ್ನು ನಡುವಿಟ್ಟುಕೊಂಡು ಈ ಹಳಿಯ ಗುಂಟವೇ ಒಂದು ಪ್ರವಾಸ ಹೂಡಿತ್ತು. ಶನಿವಾರ ಬಂಗಾರಪೇಟೆಯಿಂದ ಚಿಕ್ಕಬಳ್ಳಾಪುರ, ರಾತ್ರಿ ಅಲ್ಲೇ ತಂಗಿ ಭಾನುವಾರ ಬೆಳಗಿನ ಜಾವ ಗಡಿಯಾರ ಹಿಡಿದು ಬೆಟ್ಟ. ಮುಂದೆ ದಾರಿ ತೋರುವ ಸವಾರ, ಹಿಂದೆ ನೀರು, ಬಾಳೆಹಣ್ಣು, ಪಂಕ್ಚರ್ ಸಾಮಾನು ಹೊತ್ತ ವ್ಯಾನು. ವಿಷಯ ಕಿವಿಗೆ ಬಿದ್ದ ಕೂಡಲೇ ಹೆಸರು ಕೊಟ್ಟೆ. ಪಂದ್ಯಕ್ಕಿಂತ ನನ್ನನ್ನು ಎಳೆದದ್ದು ದಾರಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೂ ನಂದಿ ನಮ್ಮ ಕೋಲಾರ ಜಿಲ್ಲೆಯದೇ ಬೆಟ್ಟ. ಉರಿಗಾಮಿನ ಪಕ್ಕದ ಗಣಿಗೆ ನಂದಿದುರ್ಗ ಮೈನ್ ಎಂದೇ ಹೆಸರು. ಇನ್ನೂ ಹತ್ತಿರದ ನಂಟೆಂದರೆ ನೀರಿನದು. ಪಾಲಾರ್ ಹುಟ್ಟುವುದು ನಂದಿಯ ಬೆಟ್ಟಸಾಲಿನಲ್ಲಿ. ಅದು ಹರಿದು ಬಂದು ಬೇತಮಂಗಲದ ಕೆರೆಯಲ್ಲಿ ನಿಂತಾಗ ಅಲ್ಲಿಂದ ಪಂಪು ಹೊಡೆದು ಗಣಿಗೂ, ಕಾರ್ಮಿಕರ ಲೈನುಗಳ, ಅಂದರೆ ಸಾಲುಮನೆಗಳ, ಬೀದಿ ನಲ್ಲಿಗೂ ಕೊಡುತ್ತಿದ್ದರು. ನಾವು ಕುಡಿದು ಬೆಳೆದದ್ದು ಆ ಬೆಟ್ಟದ ನೀರು.

ಹೊರಡುವ ಮುಂಚೆ ನಮ್ಮ ಮಾರ್ಗದರ್ಶಕ, ಒಳ್ಳೆಯ ಹುಡುಗ, ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಈ ಸೀಮೆಯ ಸೈಕಲ್ ಚರಿತ್ರೆ ಹೇಳಿದ. ಬೆಂಗಳೂರಿಗೆ ಗೇರಿನ ಸೈಕಲ್ಲುಗಳು ಬಂದದ್ದು, ಐಟಿ ಕಂಪನಿಗಳವರು ವಾರಕ್ಕೊಮ್ಮೆ ನಂದಿಗೆ ಹೊರಟದ್ದು, ಅಲ್ಲಿಂದ ಪಂದ್ಯಗಳು ಹುಟ್ಟಿದ್ದು. ಹೇಳಿದ್ದೆಲ್ಲ ನಿಜ. ಆದರೆ ಆ ಚರಿತ್ರೆಗೆ ಇಪ್ಪತ್ತು ವರ್ಷದ ವಯಸ್ಸು. ಬಂಗಾರಪೇಟೆಯಲ್ಲಿ ನಿಂತು, ಕೆಜಿಎಫ್ ಕಡೆಗೆ ಬೆನ್ನು ಹಾಕಿ ಅದನ್ನು ಹೇಳಿದ್ದು ನನಗೆ ಸಂಕಟವಾಯಿತು. ಈ ನೆಲದಲ್ಲಿ ಪೆಡಲು ತುಳಿದವರ ಕಥೆಯಲ್ಲಿ ಗಣಿ ಕಾರ್ಮಿಕರಿಗೆ ಒಂದು ಸಾಲಾದರೂ ಸಲ್ಲಬೇಕು.

ಐರಿಷ್ ಸೈನಿಕ ಲ್ಯಾವೆಲ್ ಮೈಸೂರು ಸರ್ಕಾರದಿಂದ ಇಲ್ಲಿ ಚಿನ್ನ ತೆಗೆಯುವ ಪರವಾನಗಿ ಪಡೆದದ್ದು 1870ರ ದಶಕದಲ್ಲಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿ ಕೆಲಸ ಬಿರುಸಾಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ರೈಲು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು. ಮಾರಿಕುಪ್ಪಂ, ಚಾಂಪಿಯನ್ ರೀಫ್, ಉರಿಗಾಂ, ಕೋರಮಂಡಲ್ ಹೀಗೆ ಮೈಲುಗಟ್ಟಲೆ ಉದ್ದಕ್ಕೆ ಹರಡಿದ ಊರು ನಮ್ಮದು. ಲೈನು ಒಂದು ಕಡೆ, ಶಾಫ್ಟು ಇನ್ನೊಂದು ಕಡೆ, ಸಂತೆ ಮತ್ತೊಂದು ಕಡೆ. ಇಂಥ ಊರಿಗೆ ಸೈಕಲ್ಲು ಹೇಳಿ ಮಾಡಿಸಿದ ವಾಹನ. ಸ್ವಾತಂತ್ರ್ಯ ಬಂದು, ಮದರಾಸಿನ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ತಯಾರಾಗತೊಡಗಿದ ಮೇಲೆ ಅದು ಕೂಲಿಯವರ ಕೈಗೂ ಎಟುಕಿತು.

ನಮ್ಮಪ್ಪನ ಹರ್ಕ್ಯುಲಿಸ್ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕಪ್ಪು ಬಣ್ಣ, ಕಂಬಿಯ ಬ್ರೇಕು, ಸರಪಳಿಗೆ ಪೂರ್ತಿ ಮುಚ್ಚಿದ ತಗಡಿನ ಕೇಸು. ಹ್ಯಾಂಡಲಿನ ಎಡಕ್ಕೆ ಟಿಫನ್ ಕ್ಯಾರಿಯರ್ ತೂಗುತ್ತಿತ್ತು. ಅದು ಕಂಬಿಗೆ ಬಡಿಯದಿರಲಿ ಎಂದು ಅಮ್ಮ ಹಳೆಯ ಸೀರೆಯ ಅಂಚು ಹರಿದು ಸುತ್ತಿದ್ದಳು. ಹಿಂದಿನ ಕ್ಯಾರಿಯರ್‌ಗೆ ಸೈಕಲ್ ಟ್ಯೂಬಿನದೇ ಪಟ್ಟಿ, ಅದರಡಿ ಮಡಚಿದ ಟವಲು. ಸಂಗು ಕೂಗಿದರೆ, ಅಂದರೆ ಗಣಿಯ ಸೈರನ್ ಮೊಳಗಿದರೆ, ಅಪ್ಪ ಎಡಗಾಲನ್ನು ಪೆಡಲಿನ ಮೇಲಿಟ್ಟು ನಾಲ್ಕು ಹೆಜ್ಜೆ ಕುಂಟುತ್ತ ಓಡಿ ಸೀಟು ಏರುತ್ತಿದ್ದ. ಶಿಫ್ಟ್ ಬದಲಾಗುವ ಹೊತ್ತಿಗೆ ರಸ್ತೆಯ ತುಂಬ ಬೆಲ್ಲುಗಳು. ಒಂದು ಕಡೆಯಿಂದ ತೊಳೆದ ಮುಖಗಳು, ಎದುರಿನಿಂದ ಧೂಳಿನ ಮುಖಗಳು. ಏರು ಬಂದಾಗ ಗೇರಿಲ್ಲದ ಆ ಭಾರದ ಬಂಡಿಯ ಮೇಲೆ ಎದ್ದು ನಿಂತು ತುಳಿಯುತ್ತಿದ್ದರು. ಈಗಿನ ತರಬೇತುದಾರರು ಬೆಟ್ಟ ಹತ್ತಲು ಕಲಿಸುವುದೂ ಅದನ್ನೇ.

ಸೈಕಲ್ಲನ್ನು ಶಾಫ್ಟಿನ ಬಳಿ ನಿಲ್ಲಿಸಿದ ಮೇಲೆ ಅವರ ನಿಜವಾದ ಪಯಣ ಶುರು. ಕೇಜಿನಲ್ಲಿ ನಿಂತು ಕೆಳಗಿಳಿಯಬೇಕು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ 3 ಕಿಲೋಮೀಟರಿಗೂ ಆಳ ಹೋಗಿತ್ತು. ನಂದಿಯ ನೆತ್ತಿ ಸಮುದ್ರ ಮಟ್ಟದಿಂದ 1,478 ಮೀಟರ್. ನಮ್ಮ ಗಣಿಯ ತಳ ಸಮುದ್ರ ಮಟ್ಟಕ್ಕಿಂತ 2,000 ಮೀಟರಿಗೂ ಕೆಳಗೆ. ಆ ಆಳದಲ್ಲಿ ಬಂಡೆಯ ಬಿಸಿಯೇ 65 ಡಿಗ್ರಿಯ ಆಸುಪಾಸು. ತಣ್ಣನೆಯ ಗಾಳಿಯನ್ನು ಯಂತ್ರದಲ್ಲಿ ಒತ್ತಿ ಕಳಿಸದೆ ಮನುಷ್ಯ ಅಲ್ಲಿ ನಿಲ್ಲಲಾರ. ಅಷ್ಟು ಆಳವನ್ನು ಭೌತ ವಿಜ್ಞಾನಿಗಳೂ ಬಳಸಿಕೊಂಡರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ಸಂಗಡಿಗರ ಜೊತೆ ಸೇರಿ ಇಲ್ಲಿಯೇ ವಾಯುಮಂಡಲದ ನ್ಯೂಟ್ರಿನೊಗಳ ಗುರುತು ಹಿಡಿದರು.

ಬೆಟ್ಟ ಹತ್ತುವವರು ಸದಾ ಉಸಿರಿನ ಮಾತಾಡುತ್ತಾರೆ. ನಮ್ಮೂರಿನಲ್ಲಿ ಉಸಿರಿನ ಮಾತು ಬೇರೆಯೇ ಭಾರದ್ದು. ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿಯಾಗಿಸುತ್ತದೆ. 1940ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಆ ಅಂಕಿಯನ್ನು ಓದುತ್ತಾರೆ. ನಾನು ಓದುವ ಮುಂಚೆಯೇ ನೋಡಿದ್ದೆ. ಐವತ್ತು ತುಂಬದ ಗಂಡಸರು ಸಣ್ಣ ಏರಿನಲ್ಲೂ ಸೈಕಲ್ಲಿಂದ ಇಳಿದು, ಹ್ಯಾಂಡಲಿಗೆ ಎರಡೂ ಕೈ ಊರಿ, ತಲೆ ಬಗ್ಗಿಸಿ ನಿಲ್ಲುತ್ತಿದ್ದರು. ಪಕ್ಕದಲ್ಲಿ ಹಾದುಹೋಗುವವರು ಬೆಲ್ಲು ಹೊಡೆಯುತ್ತಿರಲಿಲ್ಲ.

ಶನಿವಾರದ ಸವಾರಿ ಚೆನ್ನಾಗಿ ಸಾಗಿತು. ಕೋಲಾರ ದಾಟಿ ಶ್ರೀನಿವಾಸಪುರದ ಮಾವಿನ ತೋಪುಗಳು, ಆಮೇಲೆ ಚಿಂತಾಮಣಿ, ಅಲ್ಲಿಂದ ಶಿಡ್ಲಘಟ್ಟದ ರೇಷ್ಮೆ. ಗೂಡು ಬೇಯಿಸುವ ವಾಸನೆ ಊರಿನ ಹೊರಗೇ ಎದುರುಗೊಂಡಿತು. ಗುಂಪಿನಲ್ಲಿದ್ದ ಕಾರ್ಬನ್ ಸೈಕಲ್ಲುಗಳನ್ನು ಒಂದು ಬೆರಳಿನಲ್ಲಿ ಎತ್ತಬಹುದು. ಶಿಡ್ಲಘಟ್ಟದಲ್ಲಿ ಚಹಾಕ್ಕೆ ನಿಂತಾಗ ಒಬ್ಬ ರೀಲರ್ ಬಂದು ಬೆಲೆ ಕೇಳಿದ, ಕೇಳಿ ಸುಮ್ಮನಾದ.

ನಂದಿಯನ್ನು ಹತ್ತುವುದು ಹಿಂದೆ ಯಾರಿಗೂ ಆಟವಾಗಿರಲಿಲ್ಲ. ಬುಡದಲ್ಲಿ ಭೋಗನಂದೀಶ್ವರ, ನೆತ್ತಿಯಲ್ಲಿ ಯೋಗನಂದೀಶ್ವರ. ಭಕ್ತರು ಮೆಟ್ಟಿಲು ಹತ್ತಿಯೇ ಹೋಗಬೇಕಿತ್ತು. ಹೈದರ್, ಟಿಪ್ಪು ಭದ್ರಪಡಿಸಿದ ಕೋಟೆಯನ್ನು 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಮುತ್ತಿದಾಗ, ಫಿರಂಗಿಗಳನ್ನು ಇಳಿಜಾರಿನ ಮೇಲೆ ಎಳೆದು ಕೂರಿಸಲು ಕಾಡು ಕಡಿದು ದಾರಿ ಮಾಡಬೇಕಾಯಿತು. ಕೋಟೆ ಬಿದ್ದದ್ದು ಅಕ್ಟೋಬರಿನಲ್ಲಿ, ಸುಮಾರು ಮೂರು ವಾರದ ದುಡಿತದ ಮೇಲೆ. ಆಮೇಲಿನ ಕಾಲದಲ್ಲಿ ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಮೇಲೆ ಬೇಸಿಗೆ ಮನೆ ಕಟ್ಟಿಸಿದ. ಕಾಯಿಲೆ ಬಿದ್ದಿದ್ದ ಗಾಂಧೀಜಿ 1927ರಲ್ಲಿ ವಿಶ್ರಾಂತಿಗೆ ಬಂದು ಉಳಿದದ್ದು ಇದೇ ಬೆಟ್ಟದ ಮೇಲೆ. 1936ರಲ್ಲಿ ಮತ್ತೆ ಬಂದರು. 1986ರಲ್ಲಿ ಸಾರ್ಕ್ ದೇಶಗಳ ನಾಯಕರೂ ಬಂದು ಹೋದರು. ದೊರೆಗಳ, ನಾಯಕರ ಹೆಸರು ಕಲ್ಲಿನ ಮೇಲಿದೆ. ಅವರ ಪೆಟ್ಟಿಗೆ, ನೀರು, ಹಾಸಿಗೆ ಹೊತ್ತು ಆ ಮೆಟ್ಟಿಲು ಏರಿದ ಸುಲ್ತಾನಪೇಟೆ ಕಡೆಯ ಹಳ್ಳಿಗರ ಹೆಸರು ಎಲ್ಲೂ ಇಲ್ಲ.

ಬೆಟ್ಟವನ್ನು ಪಂದ್ಯಕ್ಕಾಗಿಯೇ ಹತ್ತುವ ರೂಢಿ ಯುರೋಪಿನದು. ಟೂರ್ ದ ಫ್ರಾನ್ಸ್ 1910ರಲ್ಲಿ ಪಿರನೀಸ್ ಪರ್ವತದ ಎತ್ತರದ ಕಣಿವೆಗಳಿಗೆ ಕಾಲಿಟ್ಟಿತು. 21 ತಿರುವುಗಳ ಆಲ್ಪ್ ದ್ಯುಯೆಜ್ ಏರು 1952ರಲ್ಲಿ ಅದಕ್ಕೆ ಸೇರಿತು. ಪಟುಗಳು ತುಳಿದ ದಾರಿಯನ್ನೇ ಸಾಮಾನ್ಯರೂ ತುಳಿಯುವ ಏರ್ಪಾಟು 1993ರಲ್ಲಿ ಬಂತು, ಮಾರ್ಗದರ್ಶಕರ ಜೊತೆ ಪರ್ವತಕ್ಕೆ ಹೋಗುವ ಪ್ರವಾಸಗಳು ಅದರ ಬೆನ್ನಿಗೆ ಬೆಳೆದವು. ನಮ್ಮಲ್ಲಿ 2008ರ ಡಿಸೆಂಬರಿನಲ್ಲಿ ಬೆಂಗಳೂರಿನವರು ಆರಂಭಿಸಿದ ಟೂರ್ ಆಫ್ ನೀಲಗಿರೀಸ್ ಇದೇ ಜಾತಿಯದು. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಹಟ್ಟಿ ಘಾಟಿಯ 36 ತಿರುವು ಅದರ ಎದೆಗುಂಡಿಗೆ. ಇಡೀ ಪ್ರವಾಸದ ಮಾತೆಲ್ಲ ಅಲ್ಲಿಗೆ ಬಂದು ನಿಲ್ಲುತ್ತದೆ. ಬೆಂಗಳೂರಿನ ಹವ್ಯಾಸಿಗಳಿಗೆ ಅದಕ್ಕೆ ತಯಾರಿಯ ಮನೆ ನಂದಿ. ಇದಕ್ಕೆಲ್ಲ ಬಹಳ ಮುಂಚೆಯೇ ವಿಜಯಪುರ, ಬಾಗಲಕೋಟೆಯ ರೈತರ, ಕೂಲಿಕಾರರ ಮಕ್ಕಳು ಕ್ರೀಡಾ ನಿಲಯಗಳಲ್ಲಿ ಇದ್ದು ಪಳಗಿ ರಾಷ್ಟ್ರೀಯ ಪದಕ ತಂದಿದ್ದರು. ಆ ಮಾತೂ ಮಾರ್ಗದರ್ಶಕನ ಚರಿತ್ರೆಯಲ್ಲಿ ಬರಲಿಲ್ಲ.

ಭಾನುವಾರ ಕತ್ತಲಿದ್ದಾಗಲೇ ಬುಡಕ್ಕೆ ಬಂದೆವು. ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಏಳೆಂಟು ಕಿಲೋಮೀಟರು ದೂರ, 400 ಮೀಟರಿಗೂ ಮಿಕ್ಕಿದ ಏರು. ಮೊದಲರ್ಧದಲ್ಲಿ ಬೆಟ್ಟ ಉದಾರಿ. ಅಲ್ಲಲ್ಲಿ ಚಪ್ಪಟೆ ಸಿಗುತ್ತದೆ. ಆಮೇಲೆ ತಿರುವಿನ ಒಳಮಗ್ಗುಲು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಹೊರ ಅಂಚು ಹಿಡಿದು ಸುತ್ತಿದರೆ ದೂರ ಹೆಚ್ಚು, ಆದರೆ ಕಾಲಿಗೆ ಒಂದು ಉಸಿರು ಬಿಡುವು. ಅತಿ ಹಗುರದ ಗೇರಿನಲ್ಲಿಯೂ ನನ್ನ ತೊಡೆ ನಡುಗಿತು. ಕೊನೆಯ ಮೈಲಿಯಲ್ಲಿ ಎದ್ದು ನಿಂತು ತುಳಿದೆ. ನೆತ್ತಿಯ ಬಾಗಿಲ ಬಳಿ ಇಳಿದಾಗ ಎದೆ ತುಂಬ ಗಾಳಿ ಬಂತು, ಪೂರ್ತಿ, ಅಡ್ಡಿಯಿಲ್ಲದೆ. ನಮ್ಮ ಲೈನಿನಲ್ಲಿ ನನ್ನ ಈಗಿನ ವಯಸ್ಸಿಗೆ ಅಷ್ಟು ಗಾಳಿ ಎಳೆದುಕೊಳ್ಳಬಲ್ಲ ಗಂಡಸರು ಕಡಿಮೆ ಇದ್ದರು. ನನಗದು ದಕ್ಕಿದ್ದು, ಅಪ್ಪ ಹಟ ಹಿಡಿದು ನನ್ನನ್ನು ಗಣಿಗೆ ಕಳಿಸದೆ ಓದಿಸಿದ್ದರಿಂದ.

ತಿಂಡಿಯ ಹೊತ್ತಿಗೆ ಮಾರ್ಗದರ್ಶಕನ ಪಕ್ಕದಲ್ಲಿ ಕೂತು ಇದನ್ನೆಲ್ಲ ಹೇಳಿದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ದು, ಅಂದಿನಿಂದ ನಮ್ಮ ಮಕ್ಕಳು ನಸುಕಿಗೇ ಎದ್ದು ಮಾರಿಕುಪ್ಪಂ ಗಾಡಿ ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವುದು, ಅವರಲ್ಲಿ ಕೆಲವರು ಇಂದಿಗೂ ಸ್ಟೇಷನ್ನಿನವರೆಗೆ ಸೈಕಲ್ಲಿನಲ್ಲೇ ಬರುವುದು. ಅವನು ಗಮನವಿಟ್ಟು ಕೇಳಿದ. ಫೋನು ತೆಗೆದು ನಕ್ಷೆ ಬಿಡಿಸಿ, ಮುಂದಿನ ಸಲ ಎಲ್ಲಿಂದ ಶುರು ಮಾಡಬಹುದು ಎಂದ. ಉರಿಗಾಂ ಸ್ಟೇಷನ್ನಿನಿಂದ ಎಂದೆ. ಮೊದಲು ನಂದಿದುರ್ಗ ಗಣಿಯ ಹಳೆಯ ಶಾಫ್ಟಿನ ಕಡೆ, ಆಮೇಲೆ ಗಣಿಯ ತ್ಯಾಜ್ಯದ ಸಯನೈಡ್ ದಿಬ್ಬಗಳ ಬದಿ ಹಿಡಿದು ಬೇತಮಂಗಲದ ಕೆರೆ ಏರಿ, ಅಲ್ಲಿಂದ ಹಿಂದಕ್ಕೆ ತಿರುಗಿ ಬಂಗಾರಪೇಟೆ. ಒಂದಷ್ಟು ಕಿಲೋಮೀಟರು ಹೆಚ್ಚಾಗುತ್ತದೆ, ರಸ್ತೆಯಲ್ಲಿ ಗುಂಡಿಗಳಿವೆ, ತೆಳು ಟೈರಿನವರು ನೋಡಿಕೊಂಡು ಬರಬೇಕು. ಗಣಿಯಲ್ಲಿ ದುಡಿದ ಹಿರಿಯರು ಲೈನುಗಳಲ್ಲಿ ಇನ್ನೂ ಇದ್ದಾರೆ. ಬೆಳಗಿನ ಚಹಾಕ್ಕೆ ಅವರನ್ನು ಕರೆದು ಕೂರಿಸುವುದು ನನ್ನ ಪಾಲಿನ ಕೆಲಸ ಎಂದು ಒಪ್ಪಿಕೊಂಡು ಬಂದಿದ್ದೇನೆ.