ಕಾವಲಿಗೆ ಹೋದ ಎರಡು ಪುಟ್ಟ ಹಡಗುಗಳು

ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಓದುಗರಲ್ಲಿ ಅನೇಕರು ಬೇಸಿಗೆ ರಜೆಯಲ್ಲಿ ನಾರ್ತ್ ಕೆರೊಲಿನಾದ ಔಟರ್ ಬ್ಯಾಂಕ್ಸ್‌ಗೆ ಹೋಗಿ ಬಂದಿರುತ್ತೀರಿ. ರೈಟ್ ಸಹೋದರರು 1903ರಲ್ಲಿ ವಿಮಾನ ಹಾರಿಸಿದ ಜಾಗ, ಕೇಪ್ ಹ್ಯಾಟರಸ್‌ನ ಕಪ್ಪು-ಬಿಳಿ ಪಟ್ಟೆಯ ದೀಪಸ್ತಂಭ, ಮೈಲಿಗಟ್ಟಲೆ ಮರಳು. ನೋಡಲು ಸೊಗಸು. ಆದರೆ ನಾವಿಕರು ಈ ಕಡಲಿಗೆ ಇಟ್ಟಿರುವ ಹೆಸರು 'ಅಟ್ಲಾಂಟಿಕ್‌ನ ಸ್ಮಶಾನ'. ದಕ್ಷಿಣದಿಂದ ಬರುವ ಬೆಚ್ಚನೆಯ ಗಲ್ಫ್ ಸ್ಟ್ರೀಮ್ ಮತ್ತು ಉತ್ತರದ ತಣ್ಣೀರು ಇಲ್ಲಿ ಸಂಧಿಸುತ್ತವೆ. ನೀರಿನಡಿ ಸದಾ ಜಾಗ ಬದಲಿಸುವ ಮರಳುದಿಬ್ಬಗಳು. ಸಾಲದ್ದಕ್ಕೆ ಚಂಡಮಾರುತಗಳ ಹಾದಿ ಬೇರೆ.

ಎರಡನೇ ಮಹಾಯುದ್ಧದಲ್ಲಿ ಇವೆಲ್ಲದರ ಜೊತೆಗೆ ಜರ್ಮನಿಯ ಸಬ್‌ಮೆರೀನ್‌ಗಳೂ ಸೇರಿಕೊಂಡವು. 1944ರ ಸೆಪ್ಟೆಂಬರ್ 12ರಂದು 'ಜಾರ್ಜ್ ಏಡ್' ಎಂಬ ಸರಕು ಹಡಗು ಹ್ಯಾಟರಸ್‌ನಿಂದ ದೂರದ ಸಮುದ್ರದಲ್ಲಿ ಟಾರ್ಪೆಡೊ ಪೆಟ್ಟು ತಿಂದಿತು. ಮುಳುಗಲಿಲ್ಲ, ಆದರೆ ನಡೆಯುವ ಶಕ್ತಿ ಹೋಯಿತು. ನೌಕಾಪಡೆಯ 'ಎಸ್ಕೇಪ್' ಎಂಬ ಹಡಗು ಅದನ್ನು ಎಳೆದು ತರಲು ಹೋಯಿತು. ಶತ್ರು ಮತ್ತೆ ಬಂದರೆ ಕಾಯಬೇಕಲ್ಲ, ಅದಕ್ಕಾಗಿ 'ಜಾಕ್ಸನ್' ಮತ್ತು 'ಬೆಡ್ಲೋ' ಎಂಬ ಎರಡು ಗಸ್ತು ಹಡಗುಗಳು ಹೊರಟವು.

ಇವು ಕೋಸ್ಟ್ ಗಾರ್ಡ್‌ನ ಹಡಗುಗಳು. ಯುದ್ಧಕಾಲದಲ್ಲಿ, ಅಂದರೆ 1941ರ ನವೆಂಬರ್‌ನಿಂದ, ಕೋಸ್ಟ್ ಗಾರ್ಡ್ ನೌಕಾಪಡೆಯ ಅಧೀನದಲ್ಲಿತ್ತು. ಇವುಗಳ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಎರಡನ್ನೂ 1926-27ರ ಸುಮಾರಿಗೆ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಕಟ್ಟಿದರು, ಯುದ್ಧಕ್ಕಲ್ಲ, ಸಾರಾಯಿ ಕಳ್ಳಸಾಗಣೆದಾರರನ್ನು ಹಿಡಿಯುವುದಕ್ಕೆ! 1920ರಿಂದ 1933ರವರೆಗೆ ಅಮೆರಿಕದಲ್ಲಿ ಮದ್ಯನಿಷೇಧವಿತ್ತಲ್ಲ, ಆಗ ಸಮುದ್ರದಲ್ಲಿ ಲಂಗರು ಹಾಕಿಕೊಂಡು ದಡಕ್ಕೆ ರಮ್ ಸಾಗಿಸುತ್ತಿದ್ದ ಹಡಗುಗಳ ಮೇಲೆ ಕಣ್ಣಿಡಲು ಈ ಜಾತಿಯ ದೋಣಿಗಳು ಬೇಕಾಗಿದ್ದವು. ಉದ್ದ ಬರೀ 125 ಅಡಿ. ಇವು ಕಾಯಲು ಹೊರಟಿದ್ದ ಜಾರ್ಜ್ ಏಡ್ 400 ಅಡಿಗೂ ಉದ್ದ. ಬೆಡ್ಲೋಗೆ ಮೊದಲಿದ್ದ ಹೆಸರು 'ಆಂಟೀಟಮ್'. ಆ ಹೆಸರು ಹೊಸದೊಂದು ವಿಮಾನವಾಹಕ ನೌಕೆಗೆ ಬೇಕಾದ್ದರಿಂದ 1943ರಲ್ಲಿ ಚಿಕ್ಕದು ದೊಡ್ಡದಕ್ಕೆ ತನ್ನ ಹೆಸರನ್ನೂ ಬಿಟ್ಟುಕೊಟ್ಟಿತ್ತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರಲ್ಲ, ಹಾಗಾಯಿತು. ಶತ್ರುವನ್ನು ಕಾಯುತ್ತಿದ್ದವರ ಮೇಲೆ ಬಂದದ್ದು ಚಂಡಮಾರುತ. ಆಗಿನ್ನೂ ಚಂಡಮಾರುತಗಳಿಗೆ ಹೆಸರಿಡುವ ಪದ್ಧತಿ ಇರಲಿಲ್ಲ. ಇದರ ಆರ್ಭಟ ನೋಡಿ ಮಯಾಮಿಯ ಹವಾಮಾನ ಕಚೇರಿಯವರು 'ಗ್ರೇಟ್ ಅಟ್ಲಾಂಟಿಕ್ ಹರಿಕೇನ್' ಎಂದರು. ಸೆಪ್ಟೆಂಬರ್ 14ರ ಬೆಳಿಗ್ಗೆ ಅದು ಹ್ಯಾಟರಸ್ ಮುಟ್ಟಿತು. ಅಲೆಗಳು ಐವತ್ತು ಅಡಿ ಎತ್ತರಕ್ಕೆ ಏಳುತ್ತಿದ್ದವು. ಒಂದರ ಹಿಂದೊಂದು ಬಂದ ಅಲೆಗಳ ಹೊಡೆತಕ್ಕೆ ಜಾಕ್ಸನ್ ಮಗುಚಿತು. ಕೆಲವೇ ಗಂಟೆಗಳಲ್ಲಿ ಬೆಡ್ಲೋ ಗತಿಯೂ ಅದೇ ಆಯಿತು.

ದುಃಖದ ಸಂಗತಿ ಏನೆಂದರೆ ಹೆಚ್ಚಿನವರು ಹಡಗಿನೊಂದಿಗೆ ಮುಳುಗಿ ಸತ್ತವರಲ್ಲ. ಬೆಡ್ಲೋದಲ್ಲಿದ್ದ 38 ಜನರೂ ಜೀವಂತವಾಗಿ ನೀರಿಗಿಳಿದಿದ್ದರು. ತೆಪ್ಪಗಳನ್ನು ಹಿಡಿದುಕೊಂಡು ಎರಡು ದಿನಕ್ಕೂ ಹೆಚ್ಚು ಕಾಲ ತೇಲಿದರು. ಕುಡಿಯಲು ನೀರಿಲ್ಲ, ಕೈಗಳಲ್ಲಿ ತ್ರಾಣವಿಲ್ಲ. ಒಬ್ಬೊಬ್ಬರಾಗಿ ಹಿಡಿತ ಬಿಟ್ಟರು. ಉಳಿದವರು 12 ಜನ. ಜಾಕ್ಸನ್‌ನವರಲ್ಲಿ ಉಳಿದದ್ದು ಸುಮಾರು ಅರ್ಧದಷ್ಟು. ಕೊನೆಗೆ ಹುಡುಕುತ್ತಿದ್ದ ಪುಟ್ಟ ಕಿಂಗ್‌ಫಿಷರ್ ವಿಮಾನಗಳು ಅವರನ್ನು ಕಂಡವು. ಇನ್ನೂ ಅಲೆಯಿದ್ದ ನೀರಿನ ಮೇಲೆಯೇ ಇಳಿದು, ವೈಮಾನಿಕರು ನೀರಿಗೆ ಹಾರಿ, ಸೋತವರನ್ನು ಎತ್ತಿ ವಿಮಾನದ ರೆಕ್ಕೆಗಳ ಮೇಲೆ ಮಲಗಿಸಿದರು. ಆಮೇಲೆ ದೋಣಿ ಬಂದು ದಡ ಸೇರಿಸಿತು.

ಅತ್ತ ಜಾರ್ಜ್ ಏಡ್ ಏನಾಯಿತು ಅಂತೀರಾ? ಗಾಯಗೊಂಡಿದ್ದ ಆ ಹಡಗು ಬಿರುಗಾಳಿಯನ್ನು ತಡೆದುಕೊಂಡಿತು, ಬಂದರನ್ನೂ ಸೇರಿತು. ಕಾಯಲು ಹೋದವರೇ ಇಲ್ಲವಾದರು.

ಅದೇ ಚಂಡಮಾರುತ 'ವಾರಿಂಗ್ಟನ್' ಎಂಬ ಡೆಸ್ಟ್ರಾಯರ್ ಹಡಗನ್ನು 248 ಜನರೊಂದಿಗೆ ನುಂಗಿತ್ತು. ಮ್ಯಾಸಚೂಸೆಟ್ಸ್ ಬಳಿ ಲಂಗರು ಹಾಕಿ ನಿಂತಿದ್ದ ದೀಪದ ಹಡಗೊಂದು ತನ್ನ 12 ಜನರೊಂದಿಗೆ ಮುಳುಗಿತು. ಒಟ್ಟು ಸತ್ತವರು ಸುಮಾರು 390, ಅದರಲ್ಲಿ 344 ಜನ ಸಮುದ್ರದಲ್ಲಿ. ನೆಲದ ಮೇಲಿನ ಸಾವು 50ಕ್ಕಿಂತ ಕಡಿಮೆ ಎನ್ನುವುದನ್ನು ಗಮನಿಸಿ. ನೆಲದವರು ಎಚ್ಚರಿಕೆ ಕೇಳಿ ದೂರ ಸರಿಯಬಹುದಿತ್ತು. ಕಾವಲಿನವರಿಗೆ ಜಾಗ ಬಿಡುವ ಅಧಿಕಾರ ಎಷ್ಟಿತ್ತು? ನಿಜವಾದ ಪ್ರಶ್ನೆ ಇದೇ.

ಮೂರೇ ತಿಂಗಳಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದಾಗಿ ಎದ್ದು ನಿಂತಿತು. ಡಿಸೆಂಬರ್ 18ರಂದು ಫಿಲಿಪೈನ್ಸ್ ಪೂರ್ವದ ಸಮುದ್ರದಲ್ಲಿ ಅಡ್ಮಿರಲ್ ಹಾಲ್ಸಿಯವರ ಪಡೆ ತೂಫಾನಿಗೆ ಸಿಕ್ಕಿ ಮೂರು ಡೆಸ್ಟ್ರಾಯರ್‌ಗಳು ಮುಳುಗಿ ಸುಮಾರು 790 ಜನ ಸತ್ತರು. ಯುದ್ಧದ ಯೋಜನೆ ತಪ್ಪಬಾರದೆಂದು ಪಡೆ ಅಲ್ಲೇ ಉಳಿದಿತ್ತು. ಹಳೆಯ ಹಡಗುಗಳಿಗೆ ಫಿರಂಗಿ, ರೇಡಾರ್ ಎಂದು ಮೇಲ್ಭಾಗದಲ್ಲಿ ಭಾರ ಹೇರಿದ್ದರು. ಕೆಳಗಿನ ಇಂಧನದ ತೊಟ್ಟಿಗಳು ಬರಿದಾಗುತ್ತ ಬಂದಿದ್ದವು. ತಲೆ ಭಾರವಾಗಿ ಕಾಲು ಹಗುರವಾದರೆ ಹಡಗು ಒಮ್ಮೆ ವಾಲಿದ ಮೇಲೆ ನೆಟ್ಟಗಾಗುವುದು ಕಷ್ಟ.

1945ರ ಫೆಬ್ರವರಿಯಲ್ಲಿ ಅಡ್ಮಿರಲ್ ನಿಮಿಟ್ಜ್ ಇಡೀ ಪಡೆಗೆ ಒಂದು ಪತ್ರ ಬರೆದರು. ಅದರ ಸಾರ ಇಷ್ಟು: ಹಡಗಿನ ರಕ್ಷಣೆಯ ಹೊಣೆ ಅದರ ಕ್ಯಾಪ್ಟನ್‌ನದು, ಅಪಾಯ ಕಂಡಾಗ ಅನವಶ್ಯಕವಾಗಿ ಹೆದರಿದನೆಂದು ಯಾರಾದರೂ ಅಂದಾರು ಎಂದು ಸಂಕೋಚಪಡದೆ, ಕೈಲಾಗುವ ಹೊತ್ತಿನಲ್ಲೇ ಬೇಕಾದ ಕ್ರಮ ಕೈಗೊಳ್ಳಬೇಕು. ಯುದ್ಧದ ನಡುವೆ ಒಬ್ಬ ಸೇನಾನಿ ಈ ಮಾತು ಬರೆಯುವುದು ಸಣ್ಣ ವಿಷಯವಲ್ಲ. ಚಂಡಮಾರುತದೊಳಗೆ ವಿಮಾನ ಹಾರಿಸಿ ಅಳೆಯುವ ಕೆಲಸ 1943ರಲ್ಲಿ ಆರಂಭವಾಗಿತ್ತು. ಈ ಸಾವುಗಳ ನಂತರ ಅದಕ್ಕೆ ಮಹತ್ವ ಬಂತು. ಇಂದು ಟಿವಿಯಲ್ಲಿ ನಾಲ್ಕು ದಿನ ಮೊದಲೇ ಚಂಡಮಾರುತದ ದಾರಿಯ ನಕ್ಷೆ ನೋಡಿ, ಹೋಟೆಲ್ ಬುಕಿಂಗ್ ರದ್ದು ಮಾಡುತ್ತೇವಲ್ಲ, ಆ ಅರಿವಿಗೆ ಬೆಲೆ ತೆತ್ತವರಲ್ಲಿ ಜಾಕ್ಸನ್, ಬೆಡ್ಲೋಗಳ ಹುಡುಗರೂ ಇದ್ದಾರೆ. ಗೆದ್ದ ಕದನಗಳ ಪಟ್ಟಿಯಲ್ಲಿ ಅವರು ಸಿಗುವುದಿಲ್ಲ. ಅವರು ಮಾಡಿದ್ದು ಇಷ್ಟೇ: ಕಾಯಿರಿ ಎಂದು ಹೇಳಿದ ಜಾಗದಲ್ಲಿ ಕೊನೆಯವರೆಗೂ ನಿಂತರು.