ರನ್ನನ ಸ್ವಪರಿಚಯದ ಪದ್ಯಗಳು

ಕವಿ ತನ್ನ ಊರು, ಹೆತ್ತವರು, ಗುರು ಮತ್ತು ಆಶ್ರಯದಾತರನ್ನು ಕೆಲವೇ ಪದ್ಯಗಳಲ್ಲಿ ಹೇಳಿಕೊಳ್ಳುವುದು ಹಳಗನ್ನಡ ಚಂಪೂಕಾವ್ಯಗಳ ಸಂಪ್ರದಾಯ. 941ರಲ್ಲಿ ಕಾವ್ಯ ರಚಿಸಿದ ಪಂಪನೂ ತನ್ನ ವಂಶವನ್ನು ಹೀಗೆ ಪರಿಚಯಿಸಿದ್ದಾನೆ. ಈ ಸಂಪ್ರದಾಯದ ಅತ್ಯಂತ ಆಪ್ತ ಮಾದರಿ ಮುಧೋಳದ ರನ್ನನದು.

ರನ್ನ ಹುಟ್ಟಿದ್ದು 949ರಲ್ಲಿ, ಆಗ ಮುದುವೊಳಲು ಎನಿಸಿದ್ದ ಮುಧೋಳದಲ್ಲಿ. 993ರ 'ಅಜಿತಪುರಾಣ'ದಲ್ಲಿ ಅವನು ಊರನ್ನು ಬರಿಯ ಹೆಸರಿನಿಂದ ಬಿಡುವುದಿಲ್ಲ. ಬೆಳುಗಲಿ ನಾಡು, ಜಂಬುಖಂಡಿ, ಘಟಪ್ರಭಾ ಹೊಳೆಗಳ ನೆಲೆಯಲ್ಲಿಟ್ಟು ಗುರುತಿಸುತ್ತಾನೆ. ಜಂಬುಖಂಡಿಯೇ ಇಂದಿನ ಜಮಖಂಡಿ. ಬೆಳುಗಲಿಯ ಹೆಸರು ಮುಧೋಳದ ಬಳಿಯ ರನ್ನಬೆಳಗಲಿಯಲ್ಲಿ ಉಳಿದಿದೆ.

ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಕುಲ ಬಳೆಗಾರರದು. ಅರಮನೆಯ ಮನ್ನಣೆ ಪಡೆದ ಮೇಲೂ ರನ್ನ ಅದನ್ನು ಮರೆಮಾಡಲಿಲ್ಲ. ಮಡದಿಯರಾದ ಜಕ್ಕಿ, ಶಾಂತಿ, ಮಗ ರಾಯ, ಮಗಳು ಅತ್ತಿಮಬ್ಬೆಯರ ಹೆಸರನ್ನೂ ಅವನು ಹೇಳುತ್ತಾನೆ. ಮಗಳಿಗಿರುವುದು ಆ ಪುರಾಣವನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರೇ. ವಿದ್ಯೆಗಾಗಿ ಗಂಗರ ನಾಡಿಗೆ ಹೋದವನಿಗೆ ಅಜಿತಸೇನಾಚಾರ್ಯರು ಗುರುವಾದರು, ಚಾವುಂಡರಾಯ ಆಸರೆಯಾದ. ಮುಂದೆ ಚಾಲುಕ್ಯ ತೈಲಪನಿಂದ 'ಕವಿಚಕ್ರವರ್ತಿ' ಬಿರುದು ಬಂತು.

ಇಂಥ ಪರಿಚಯಕ್ಕೆ ಕಂದಪದ್ಯ ಚೆನ್ನಾಗಿ ಒಗ್ಗುತ್ತದೆ. ನಾಲ್ಕು ಸಾಲು, ಒಟ್ಟು 64 ಮಾತ್ರೆ. ಹೆಸರು, ಸಂಬಂಧ, ಬಿರುದುಗಳನ್ನು ಅಷ್ಟರಲ್ಲೇ ಅಡಕಗೊಳಿಸಬೇಕು. ಅಂದು ಈ ಪದ್ಯಗಳು ಓದುಗರ ಮುಂದೆ ಕವಿಯ ಯೋಗ್ಯತೆಯನ್ನು ಸಾರುತ್ತಿದ್ದವು, ಆಶ್ರಯದಾತರ ಋಣವನ್ನು ಸಲ್ಲಿಸುತ್ತಿದ್ದವು. ಇಂದು ಬಳೆಗಾರರ ಮನೆಯ ಹುಡುಗನೊಬ್ಬ ಕವಿಚಕ್ರವರ್ತಿಯಾದ ಚರಿತ್ರೆಗೆ ಅವೇ ಮುಖ್ಯ ಆಧಾರ.