ಹೊಳಪಿನ ಪಟ್ಟು, ಹಿನ್ನೆಲೆಯ ಮಬ್ಬು: ಫೋಟಾನಿಕ್ ಸ್ಫಟಿಕದ ಮೇಲೆ ಪ್ರತಿದೀಪ್ತಿ

ರಕ್ತದಲ್ಲಿ ಕಾಯಿಲೆಯ ಸುಳಿವು ಕೊಡುವ ಪ್ರೊಟೀನು ತೀರಾ ಅಲ್ಪವಾಗಿರುವಾಗ, ಅದಕ್ಕೆ ಅಂಟಿಸಿದ ಪ್ರತಿದೀಪ್ತಿ ಅಣುವಿನ ಬೆಳಕೇ ನಮಗಿರುವ ಸಾಕ್ಷಿ. ಆ ಬೆಳಕೋ ಎಲ್ಲ ದಿಕ್ಕಿಗೂ ಚೆಲ್ಲಿಹೋಗುತ್ತದೆ. ಇನ್ನೂ ಪ್ರಖರವಾದ ಬಣ್ಣ, ಇನ್ನೂ ಸೂಕ್ಷ್ಮವಾದ ಕ್ಯಾಮೆರಾ ಹುಡುಕುವುದು ಒಂದು ದಾರಿ. ಇನ್ನೊಂದು ದಾರಿಯ ಬೀಜ 1946ರಲ್ಲೇ ಬಿದ್ದಿತ್ತು. ವಿಕಿರಣ ಹೊಮ್ಮುವ ವೇಗವನ್ನು ಸುತ್ತಲಿನ ರಚನೆಯೂ ಬದಲಿಸಬಲ್ಲದು ಎಂದು ಎಡ್ವರ್ಡ್ ಪರ್ಸೆಲ್ ಆಗ ರೇಡಿಯೋ ಆವರ್ತನಗಳ ಸಂದರ್ಭದಲ್ಲಿ ತೋರಿಸಿದ್ದರು. 1987ರಲ್ಲಿ ಎಲಿ ಯಾಬ್ಲೊನೊವಿಚ್ ಮತ್ತು ಸಜೀವ್ ಜಾನ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಬೆಳಕಿನ ತರಂಗಾಂತರದ ಅಳತೆಯಲ್ಲಿ ಪುನರಾವರ್ತಿಸುವ ರಚನೆಗಳು ಬೆಳಕನ್ನು ನಿಯಂತ್ರಿಸಬಲ್ಲವೆಂದು ಬರೆದರು. ಫೋಟಾನಿಕ್ ಸ್ಫಟಿಕವೆಂಬ ಇಂಥ ರಚನೆ ನಿಸರ್ಗದಲ್ಲಿ ಮೊದಲೇ ಇತ್ತು. ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಬಣ್ಣ ಬದಲಿಸುವ ಓಪಲ್ ಕಲ್ಲನ್ನು ಅಷ್ಟು ಆಸ್ಥೆಯಿಂದ ಅಧ್ಯಯನ ಮಾಡಿದ್ದನ್ನು ಇಲ್ಲಿ ನೆನೆಯಬೇಕು. ಅದರ ಬಣ್ಣದಾಟವೂ ಕ್ರಮಬದ್ಧ ಸೂಕ್ಷ್ಮ ರಚನೆಯದೇ.

ಈ ತತ್ವವನ್ನು ಜೈವಿಕ ಸಂವೇದಕಕ್ಕೆ ತಂದದ್ದರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಬ್ರಯಾನ್ ಕನ್ನಿಂಗ್‌ಹ್ಯಾಮ್ ತಂಡದ ಪಾಲು ದೊಡ್ಡದು. ಅವರ ಮೇಲ್ಮೈಯನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಆಡಂಬರವೇನೂ ಇಲ್ಲ. ಸಿಲಿಕಾನ್ ಅಚ್ಚಿನ ಮೇಲೆ ದ್ರವ ಪಾಲಿಮರ್ ಹರಡಿ, ಪ್ಲಾಸ್ಟಿಕ್ ಹಾಳೆಯಿಂದ ಒತ್ತಿ, ನೇರಳಾತೀತ ಬೆಳಕಿನಲ್ಲಿ ಗಟ್ಟಿ ಮಾಡಿ ಎತ್ತಿದರೆ, ಕೆಲವು ನೂರು ನ್ಯಾನೋಮೀಟರ್‌ಗೊಂದರಂತೆ ಪುನರಾವರ್ತಿಸುವ ವಿನ್ಯಾಸ ಹಾಳೆಯ ಮೇಲೆ ಮೂಡಿರುತ್ತದೆ. ಅದರ ಮೇಲೆ ಟೈಟಾನಿಯಂ ಡೈಆಕ್ಸೈಡಿನ ತೆಳು ಲೇಪ. ತಕ್ಕ ಕೋನದಲ್ಲಿ ಲೇಸರ್ ಬಿದ್ದಾಗ ಬೆಳಕು ಆ ಪದರದಲ್ಲಿ ಕ್ಷಣಕಾಲ ಸಿಕ್ಕಿಕೊಂಡು ಮೇಲ್ಮೈಯ ಬಳಿ ತೀವ್ರವಾಗುತ್ತದೆ, ಅಣುವನ್ನು ಹೆಚ್ಚು ಪ್ರಚೋದಿಸುತ್ತದೆ. ಅಣು ಹೊಮ್ಮಿಸಿದ ಬೆಳಕನ್ನು ಅದೇ ವಿನ್ಯಾಸ ಕ್ಯಾಮೆರಾದತ್ತ ತಿರುಗಿಸುತ್ತದೆ. ಈ ಎರಡು ಲಾಭಗಳು ಒಂದಕ್ಕೊಂದು ಗುಣಿಸುತ್ತವೆ. 2007ರಲ್ಲಿ ಈ ತಂಡ ಕ್ವಾಂಟಮ್ ಡಾಟ್ ಎಂಬ ಬೆಳಗುವ ನ್ಯಾನೋ ಕಣಗಳ ಹೊಳಪನ್ನು 108 ಪಟ್ಟಿನವರೆಗೆ ಹೆಚ್ಚಿಸಿತೆಂದು ವರದಿ ಮಾಡಿತು.

ಚಿನ್ನ, ಬೆಳ್ಳಿಯ ನ್ಯಾನೋ ರಚನೆಗಳು ಇದಕ್ಕಿಂತ ಪ್ರಬಲ ಕ್ಷೇತ್ರ ಕೊಡಬಲ್ಲವಲ್ಲ ಎಂಬ ಆಕ್ಷೇಪ ನಿಜ. ಆದರೆ ಅಣು ಲೋಹಕ್ಕೆ ಕೆಲವೇ ನ್ಯಾನೋಮೀಟರ್ ಹತ್ತಿರವಾದರೆ ಅದರ ಶಕ್ತಿಯನ್ನು ಲೋಹವೇ ನುಂಗುತ್ತದೆ. ಪ್ರೊಟೀನನ್ನು ಹಿಡಿಯುವ ಪ್ರತಿಕಾಯಗಳು ಅಣುವನ್ನು ಎಷ್ಟು ದೂರದಲ್ಲಿ ಇಡುತ್ತವೆ ಎಂಬುದು ನಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ. ಬೆಳಕನ್ನು ಹೀರದ ಆಕ್ಸೈಡ್ ಪದರಕ್ಕೆ ಈ ತೊಂದರೆಯಿಲ್ಲ. ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ಸಂವೇದಕದ ಮಿತಿಯನ್ನು ತೀರ್ಮಾನಿಸುವುದು ಹೊಳಪಲ್ಲ, ಹಿನ್ನೆಲೆಯ ಎದುರು ಹೊಳಪು ಎಷ್ಟು ಎದ್ದು ಕಾಣುತ್ತದೆ ಎಂಬುದು. ಪ್ಲಾಸ್ಟಿಕ್ಕೂ ಪಾಲಿಮರೂ ತಾವೇ ಮಂದವಾಗಿ ಬೆಳಗುತ್ತವೆ, ಸ್ಫಟಿಕ ಆ ಬೆಳಕನ್ನೂ ವರ್ಧಿಸುತ್ತದೆ. 108 ಎಂಬ ಅಂಕಿಗಿಂತ, 2010ರ ಹೊತ್ತಿಗೆ ಅದೇ ತಂಡ ಸ್ವಯಂಪ್ರಕಾಶ ಕಡಿಮೆಯಿರುವ ಕ್ವಾರ್ಟ್ಜ್ ತಳಕ್ಕೆ ಬದಲಾಯಿಸಿದ್ದು ಈ ಕ್ಷೇತ್ರದ ದೊಡ್ಡ ಹೆಜ್ಜೆಯೆಂದು ನನಗನ್ನಿಸುವುದು ಇದಕ್ಕೇ. ಅಗ್ಗದ ಹಾಳೆಯ ಅನುಕೂಲವನ್ನು ಒಂದಿಷ್ಟು ಬಿಟ್ಟುಕೊಟ್ಟು ಪತ್ತೆಯ ಮಿತಿಯನ್ನು ಇಳಿಸಿದ ಆಯ್ಕೆ ಅದು.

ಪಿಸಿಆರ್ ಇರುವಾಗ ಇದೆಲ್ಲ ಏಕೆ ಎನ್ನುವವರಿಗೆ ಉತ್ತರ ಸರಳ: ಪಿಸಿಆರ್ ನಕಲು ಮಾಡುವುದು ಡಿಎನ್‌ಎಯನ್ನು, ಪ್ರೊಟೀನನ್ನಲ್ಲ. ಪ್ರೊಟೀನನ್ನು ಪತ್ತೆಹಚ್ಚುವ ಎಲೈಸಾ ಪರೀಕ್ಷೆಯಲ್ಲಿ ಕಿಣ್ವ ಸೇರಿಸಿ ಸಂಕೇತವನ್ನು ಬೆಳೆಸಬಹುದು. ಆದರೆ ಅದಕ್ಕೆ ತೊಳೆಯುವ, ಕಾಯುವ ಹಂತಗಳು ಕೂಡಿಕೊಳ್ಳುತ್ತವೆ. ಸ್ಫಟಿಕ ಆ ಕೆಲಸವನ್ನು ತಳದಲ್ಲೇ ಮಾಡುತ್ತದೆ. ತಪ್ಪಾಗಿ ಅಂಟಿಕೊಂಡ ಅಣುಗಳನ್ನೂ ಅದು ಅಷ್ಟೇ ನಿಷ್ಠೆಯಿಂದ ಬೆಳಗಿಸುತ್ತದೆ ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು. ಅದಕ್ಕೆ ಪರಿಹಾರವಿರುವುದು ಮೇಲ್ಮೈಯ ರಸಾಯನಶಾಸ್ತ್ರದಲ್ಲಿ. ಉಳಿದದ್ದು ಕೋನದ ಸಮಸ್ಯೆ. ಬೆಳಕು ಪದರದಲ್ಲಿ ಸಿಕ್ಕಿಕೊಳ್ಳುವ ಆ ಅನುರಣನ ತೀರಾ ಕಿರಿದು. ಮೇಲೆ ಕೂತ ಪ್ರೊಟೀನಿನ ಪದರವೇ ಅದನ್ನು ಒಂದಿಷ್ಟು ಸರಿಸಿಬಿಡುತ್ತದೆ, ಲೇಸರಿನ ಕೋನ ತಪ್ಪುತ್ತದೆ. ಕನ್ನಿಂಗ್‌ಹ್ಯಾಮ್ ತಂಡ ಈ ಸರಿಯುವಿಕೆಯನ್ನೇ ಅಳೆಯತೊಡಗಿತು: ಯಾವ ಗುರುತೂ ಅಂಟಿಸದೆ, ಪ್ರತಿಕಾಯದ ಚುಕ್ಕೆ ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ಚಿತ್ರಿಸಿಕೊಂಡು, ಆ ಬಳಿಕ ಅದೇ ಚಿಪ್‌ನ ಮೇಲೆ ಪ್ರತಿದೀಪ್ತಿಯನ್ನು ಓದುವುದು.